ಬಾಲ ಕತ್ತರಿಸಿದರೂ ಬದುಕುವ ಸಂಖ್ಯೆ

ನಾನು ಬಿಟ್ಟುಬಂದ ಗಣಿತ ವಿಭಾಗಕ್ಕೆ ಹೊಸದಾಗಿ ಸೇರಿದ ಇಬ್ಬರು ಉಪನ್ಯಾಸಕರು ಮೊನ್ನೆ ಫೋನು ಮಾಡಿ, "ಸರ್, ನಿಮ್ಮ ಅನುಭವ ಸ್ವಲ್ಪ ಬರೆದುಕೊಡಿ, ನಮಗೊಂದು ದಾರಿ ಆಗ್ತದೆ" ಎಂದರು. ಫೋನು ಇಟ್ಟ ಮೇಲೆ ನನಗೆ ಗಾಬರಿ ಶುರುವಾಯಿತು. ನನ್ನ ದಾರಿಯಲ್ಲಿ ಬಂದು ಇವರು ಎಲ್ಲಿಗಾದರೂ ಹೋಗಿ ಬಿದ್ದರೆ? ಬರೆಯದಿದ್ದರೆ ಅಹಂಕಾರ ಎಂದುಕೊಂಡರೆ? ಎರಡು ದಿನ ಊಟ ರುಚಿಸಲಿಲ್ಲ. ಹೆಂಡತಿ ಶಶಿಕಲಾ, "ಬರೆದುಬಿಡಿ, ಇಲ್ಲದಿದ್ರೆ ನನ್ನ ತಲೆ ತಿಂತೀರಿ" ಎಂದಳು. ಹಾಗಾಗಿ ಬರೆಯುತ್ತಿದ್ದೇನೆ.

ಮೂಡುಬಿದಿರೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ಗಣಿತ ಹೇಳಿಕೊಟ್ಟೆ. ಐವತ್ತಮೂರಕ್ಕೇ ಸ್ವಯಂ ನಿವೃತ್ತಿ ತೆಗೆದುಕೊಂಡೆ. ಕಾರಣ ಡಾಕ್ಟರ ಪ್ರಕಾರ ರಕ್ತದೊತ್ತಡ, ಶಶಿಕಲಾಳ ಪ್ರಕಾರ ನಾನೇ. ನಮ್ಮ ಕಡೆಯ ಶೆಟ್ಟಿಯಾಗಿ ಹುಟ್ಟಿದವನು ಮುಂಬಯಿಯಲ್ಲಿ ಮಾವನ ಹೋಟೆಲಿನ ಗಲ್ಲಾದಲ್ಲಿ ಕೂರಬೇಕಿತ್ತು. ಆದರೆ ಗಲ್ಲಾದಲ್ಲಿ ಕೂತವನು ಬಿಲ್ಲಿನ ಮೊತ್ತ 221 ಎಂದು ಕಂಡ ಕೂಡಲೇ "ಹದಿಮೂರು ಹದಿನೇಳಲೆ" ಎಂದು ಗೊಣಗುತ್ತ ಗಿರಾಕಿಯನ್ನು ನಿಲ್ಲಿಸಿಕೊಂಡರೆ ಹೋಟೆಲು ನಡೆಯುತ್ತದೆಯೇ?

ಇದು ನನ್ನ ಕಾಯಿಲೆ. ಸಂಖ್ಯೆ ಕಂಡರೆ ಅದು ಯಾವುದರಿಂದ ಭಾಗವಾಗುತ್ತದೆ ಎಂದು ನೋಡದೆ ಮನಸ್ಸು ನಿಲ್ಲುವುದಿಲ್ಲ. ಬಿ.ಸಿ. ರೋಡಿನಲ್ಲಿ ಮನೆ, ಮೂಡುಬಿದಿರೆಯಲ್ಲಿ ಕೆಲಸ, ನಡುವೆ ದಿನಾ ಬಸ್ಸು. ಒಮ್ಮೆ ಬಂದ ಬಸ್ಸಿನ ನಂಬರು 4087. ಇದು ಅವಿಭಾಜ್ಯವೋ, ಅಂದರೆ ಒಂದನ್ನೂ ತನ್ನನ್ನೂ ಬಿಟ್ಟು ಬೇರಾವುದಕ್ಕೂ ಭಾಗವಾಗದ ಜಾತಿಯೋ ಎಂದು ಯೋಚಿಸುತ್ತ ನಿಂತೆ. ಕಂಡಕ್ಟರ್ ಸೀಟಿ ಊದಿ, "ಶೆಟ್ರೆ, ಬಸ್ಸು ನೋಡ್ಲಿಕ್ಕೆ ಬಂದದ್ದಾ, ಹತ್ಲಿಕ್ಕೆ ಬಂದದ್ದಾ?" ಎಂದ. ಅರವತ್ತೊಂದು ಅರವತ್ತೇಳಲೆ ಎಂದು ಹೊಳೆಯುವಾಗ ಬಸ್ಸು ತಿರುವು ದಾಟಿತ್ತು. ಎಳೆಯರೇ, ಮೊದಲ ಪಾಠ ಇದು. ಮೊದಲು ಹತ್ತಿ, ಆಮೇಲೆ ಭಾಗಿಸಿ.

ನನ್ನ ಮೊದಲ ಮೇಲಧಿಕಾರಿ, ಕೊನೆಗೂ ಅವರೊಬ್ಬರೇ ಎನ್ನಬೇಕು, ವಿಭಾಗದ ಮುಖ್ಯಸ್ಥರಾಗಿದ್ದ ಬಲ್ಲಾಳ್ ಸರ್. ನಾರಾವಿಯ ಜೈನ ಮನೆತನದವರು. ತೆಳ್ಳನೆಯ ಮನುಷ್ಯ, ಬಿಳಿ ಪೂರ್ಣತೋಳಿನ ಅಂಗಿ, ಸಂಜೆಯ ಊಟ ಸೂರ್ಯ ಮುಳುಗುವ ಮೊದಲೇ ಮುಗಿಯಬೇಕು. ಹಾಗಾಗಿ ಅವರು ನಡೆಸುವ ಮೀಟಿಂಗು ಯಾವತ್ತೂ ಉದ್ದವಾದದ್ದಿಲ್ಲ. ಬೈಯುವ ಅಭ್ಯಾಸ ಅವರಿಗಿರಲಿಲ್ಲ. ಬೈಯುವ ಬದಲು ಒಂದು ಸಂಖ್ಯೆ ಕಳಿಸುತ್ತಿದ್ದರು.

ಸೇರಿದ ಮೊದಲ ತಿಂಗಳು. ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯೇ ಇಲ್ಲ ಎಂಬ ಪಾಠ ಮಾಡುತ್ತಿದ್ದೆ. ಉಮೇದು ಹೆಚ್ಚಾಗಿತ್ತು. ಬೋರ್ಡಿನ ಮೇಲೆ ಬರೆದೆ: ಎರಡು ಮೂರಲೆ ಆರು, ಒಂದು ಸೇರಿಸಿದರೆ ಏಳು. ಎರಡು, ಮೂರು, ಐದನ್ನು ಗುಣಿಸಿ ಒಂದು ಸೇರಿಸಿದರೆ ಮೂವತ್ತೊಂದು. ಏಳನ್ನೂ ಸೇರಿಸಿ ಗುಣಿಸಿದರೆ 211, ಹನ್ನೊಂದನ್ನೂ ಸೇರಿಸಿದರೆ 2311. ಎಲ್ಲವೂ ಅವಿಭಾಜ್ಯ. "ನೋಡಿ ಮಕ್ಕಳೇ, ಹೀಗೆ ಗುಣಿಸಿ ಒಂದು ಸೇರಿಸಿದರೆ ಯಾವಾಗಲೂ ಹೊಸ ಅವಿಭಾಜ್ಯವೇ ಹುಟ್ಟುತ್ತದೆ!" ಎಂದು ಗಂಟಲು ಎತ್ತರಿಸಿ ಹೇಳಿದೆ. ಕಾರಿಡಾರಿನಲ್ಲಿ ಬಿಳಿ ಅಂಗಿಯೊಂದು ನಿಂತು ಮುಂದೆ ಹೋಯಿತು. ಐದು ನಿಮಿಷಕ್ಕೆ ಅಟೆಂಡರ್ ಒಂದು ಚೀಟಿ ತಂದುಕೊಟ್ಟ. ಅದರಲ್ಲಿ ಇದ್ದದ್ದು ಇಷ್ಟೇ: 30031.

ಹದಿಮೂರರವರೆಗಿನ ಅವಿಭಾಜ್ಯಗಳನ್ನು ಗುಣಿಸಿದರೆ 30030. ಒಂದು ಸೇರಿಸಿದರೆ ಇದೇ. ನನ್ನ ಸಾಲಿನ ಮುಂದಿನ ಮನೆ. ಎರಡರಿಂದ ಹದಿಮೂರರವರೆಗೆ ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತದೆ, ಹಾಗಾದರೆ ತಪ್ಪೆಲ್ಲಿ? ಸಂಜೆ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಅಂಗೈ ಮೇಲೆ ಪೆನ್ನಿನಿಂದ ಭಾಗಿಸಲು ತೊಡಗಿದೆ. ಹದಿನೇಳು ಇಲ್ಲ, ಹತ್ತೊಂಬತ್ತು ಇಲ್ಲ. ಸಿದ್ದಕಟ್ಟೆ ದಾಟುವಾಗ ನಲವತ್ತೇಳು, ಅದೂ ಇಲ್ಲ. ಅಂಗೈ ತುಂಬಿ ಮೊಣಕೈಗೆ ಬಂದೆ. ಬಂಟ್ವಾಳ ಪೇಟೆ ಕಾಣುವ ಹೊತ್ತಿಗೆ ಐವತ್ತೊಂಬತ್ತು ಶೇಷವಿಲ್ಲದೆ ಹೋಯಿತು. "ಸಿಕ್ಕಿತು!" ಎಂದು ಕೂಗಿದೆ. ಪಕ್ಕದಲ್ಲಿದ್ದ ಹೆಂಗಸು ತನ್ನ ಮೀನಿನ ಬುಟ್ಟಿಯನ್ನು ನನ್ನಿಂದ ದೂರ ಎಳೆದುಕೊಂಡಳು.

ಮರುದಿನ ಬಲ್ಲಾಳ್ ಸರ್ ಪೇಪರಿನಿಂದ ತಲೆ ಎತ್ತದೆ ಕೇಳಿದರು.

"ಸಿಕ್ಕಿತಾ ಶೆಟ್ರೆ?"

"ಐವತ್ತೊಂಬತ್ತು ಸರ್. ಇನ್ನೊಂದು ಐನೂರ ಒಂಬತ್ತು."

"ಎಲ್ಲಿ ಸಿಕ್ಕಿದ್ದು?" ಈಗ ತಲೆ ಎತ್ತಿ ನನ್ನ ಮೊಣಕೈಯಲ್ಲಿ ಉಳಿದಿದ್ದ ಮಸಿ ನೋಡಿದರು.

"ಬಸ್ಸಿನಲ್ಲಿ ಸರ್."

"ಮನೆಗೆ ಮುಟ್ಟುವವರೆಗೆ ತಡೀಲಿಕ್ಕೆ ಆಗ್ಲಿಲ್ಲ ಅಲ್ವಾ? ಹಾಗಾದ್ರೆ ನಿಮಗೆ ಈ ಕೆಲಸ ಆಗ್ತದೆ. ಈಗ ಕ್ಲಾಸಿಗೆ ಹೋಗಿ ಸರಿ ಮಾಡಿ ಬನ್ನಿ."

ಹೋಗಿ ಸರಿ ಮಾಡಿದೆ. ಗುಣಿಸಿ ಒಂದು ಸೇರಿಸಿದ್ದು ತಾನೇ ಅವಿಭಾಜ್ಯವಾಗಬೇಕೆಂದಿಲ್ಲ, ಆದರೆ ಅದರೊಳಗೆ ನಮ್ಮ ಪಟ್ಟಿಯಲ್ಲಿಲ್ಲದ ಒಂದು ಅವಿಭಾಜ್ಯ ಅಡಗಿ ಕೂತಿರುತ್ತದೆ, ಪಾಠದ ಸತ್ಯ ಅಷ್ಟೇ. ಅಂದಿನಿಂದ "ಯಾವಾಗಲೂ" ಎಂಬ ಶಬ್ದ ಬಾಯಿಗೆ ಬಂದರೆ ನಾನು ನೀರು ಕುಡಿಯುತ್ತೇನೆ.

ಚಿಂತೆ ಮಾಡಿಕೊಂಡು ಕೆಲಸ ಮಾಡುವವನಿಗೆ ಮೇಲಿನವರಿಗಿಂತ ಪ್ರೆಸ್ಸಿನವರಿಂದ ಹೆಚ್ಚು ಶಿಕ್ಷೆ. ಒಂದು ವರ್ಷ ಸುತ್ತಲಿನ ಕಾಲೇಜುಗಳಿಗೆಲ್ಲ ಒಂದೇ ಪೂರ್ವಸಿದ್ಧತಾ ಪ್ರಶ್ನೆಪತ್ರಿಕೆ, ತಯಾರಿಸುವವನು ನಾನು. ಕೊನೆಯ ಪ್ರಶ್ನೆ: 1000001 ಅವಿಭಾಜ್ಯವಲ್ಲ ಎಂದು ತೋರಿಸಿ. ನೂರ ಒಂದರಿಂದ ಭಾಗವಾಗುತ್ತದೆ, ಆದರೆ ಅಲ್ಲಿಗೆ ಮುಟ್ಟಲು ಮಕ್ಕಳು ಸ್ವಲ್ಪ ಬೆವರಬೇಕು. ಬೆಳ್ತಂಗಡಿಯ ಮೌಲ್ಯಮಾಪನ ಕೇಂದ್ರಕ್ಕೆ ಹೋಗುವಾಗ ನನಗೆ ಒಂದೇ ಚಿಂತೆ. ಕಷ್ಟವಾಯಿತೆಂದು ಯಾರಾದರೂ ಅತ್ತರೆ? ಹೋಗಿ ನೋಡಿದರೆ ಎಲ್ಲರ ಮುಖದಲ್ಲೂ ನಗು. ಅಚ್ಚಿನಲ್ಲಿ ಒಂದು ಸೊನ್ನೆ ಉದುರಿ 100001 ಆಗಿತ್ತು. ಅದು ಹನ್ನೊಂದಕ್ಕೆ ಕಣ್ಣುಮುಚ್ಚಿ ಭಾಗವಾಗುತ್ತದೆ. ಬೆಳ್ತಂಗಡಿಯ ಹಿರಿಯ ಉಪನ್ಯಾಸಕರೊಬ್ಬರು ನನ್ನ ಬೆನ್ನು ತಟ್ಟಿ, "ಈ ಸಲ ನೀವು ಮನುಷ್ಯರ ಹಾಗೆ ಪ್ರಶ್ನೆ ಹಾಕಿದ್ದೀರಿ ಮಾರಾಯ್ರೆ" ಎಂದರು. ನಾನು ಥ್ಯಾಂಕ್ಸ್ ಹೇಳಿದೆ. ಮತ್ತೇನು ಮಾಡುವುದು?

ವಿಧಾನಗಳು ಬದಲಾದ ಬಗೆಯನ್ನೂ ಹೇಳಬೇಕು. ನಾನು ಸೇರುವಾಗ ಲಾಗರಿದಮ್ ಟೇಬಲ್ಲಿನ ಪುಸ್ತಕ ಎಲ್ಲರ ಕೈಯಲ್ಲಿತ್ತು. ಆಮೇಲೆ ಕ್ಯಾಲ್ಕುಲೇಟರ್ ಬಂತು. ಅದರ ನಂತರ ಬಂದದ್ದು ಬಾಗಲಕೋಟೆಯ ಕಡೆಯ ಒಬ್ಬ ಹಾಸ್ಟೆಲ್ ವಿದ್ಯಾರ್ಥಿ. ನಾನು ಒಂದು ಏಳಂಕಿಯ ಸಂಖ್ಯೆಯನ್ನು ಬೋರ್ಡಿನ ಮೇಲೆ ಅರ್ಧ ಗಂಟೆಯಿಂದ ಭಾಗಿಸುತ್ತಿದ್ದಾಗ ಎದ್ದುನಿಂತು, "ಸರ್, ಮೊಬೈಲ್‌ನಾಗ ಹಾಕಿದ್ರ ಒಂದ್ ಸೆಕೆಂಡಿಗೆ ಬರ್ತೈತ್ರೀ. ಯಾಕ್ ಸುಮ್ನ ಕೈ ನೋಯಿಸ್ಕೊಳ್ತೀರಿ?" ಎಂದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ನಿಜವಾದ ಕನಿಕರ ಇತ್ತು. ಅದೇ ನನ್ನನ್ನು ಹೆಚ್ಚು ಚುಚ್ಚಿತು. ಸ್ಟಾಫ್ ರೂಮಿಗೆ ಬಂದು ಹೇಳಿದೆ. ಜುಬೈದಾ ಮೇಡಂ ನಕ್ಕುಬಿಟ್ಟರು. ಅವರು ಬಂಟ್ವಾಳದ ಬ್ಯಾರಿ ಮನೆಯವರು, ನನಗಿಂತ ಕೆಲವು ವರ್ಷ ಕಿರಿಯರು, ಬಸ್ಸಿನಲ್ಲೂ ವಿಭಾಗದಲ್ಲೂ ನನ್ನ ಜೊತೆಗಾರರು. ನನ್ನ ಚಿಂತೆಗಳ ಮೇಲೆ ಅವರಷ್ಟು ನಕ್ಕವರು ಇಲ್ಲ.

"ಕೈ ನೋಯುವುದು ನಿಮಗೆ ಬೇಕು ಶೆಟ್ರೆ. ನೋಯದಿದ್ರೆ ನಿಮಗೆ ಅದೂ ಒಂದು ಚಿಂತೆ" ಎಂದರು.

ಬಲ್ಲಾಳ್ ಸರ್ ಮಾತ್ರ ನಗಲಿಲ್ಲ. "ಮೊಬೈಲು ಉತ್ತರ ಹೇಳ್ತದೆ. ಹುಡುಗ ದಾರಿ ನೋಡಿದ ಅಂತ ಅದು ಹೇಳ್ಲಿಕ್ಕುಂಟಾ?" ಎಂದು ಎದ್ದುಹೋದರು.

ಈಗ ನಮ್ಮ ವಿಭಾಗದ ಪದ್ಧತಿಗೆ ಬರುತ್ತೇನೆ. ಬೇರೆಲ್ಲಿಯೂ ಇದು ಇದೆಯೆಂದು ನಾನು ಕೇಳಿಲ್ಲ, ಹೊಸಬರಿಗೆ ಯಾರೂ ಹೇಳಿರಲಿಕ್ಕಿಲ್ಲ. ಗಣಿತದವರು ನಿವೃತ್ತರಾದರೆ ನಾವು ಶಾಲು, ಹಣ್ಣಿನ ಬುಟ್ಟಿ ಕೊಡುತ್ತಿರಲಿಲ್ಲ. ಒಂದು ದೊಡ್ಡ ಅವಿಭಾಜ್ಯ ಸಂಖ್ಯೆ ಕೊಡುತ್ತಿದ್ದೆವು. ಹಲಸಿನ ಹಲಗೆಯ ಮೇಲೆ ಕೆತ್ತಿಸಿ. ಇದನ್ನು ಶುರುಮಾಡಿದವರು ಬಲ್ಲಾಳ್ ಸರ್. "ಶಾಲು ಭಾವನಿಗೆ ಹೋಗ್ತದೆ, ಹಣ್ಣು ಮೊಮ್ಮಕ್ಕಳಿಗೆ ಹಂಚಿಹೋಗ್ತದೆ. ಹಂಚ್ಲಿಕ್ಕೆ ಆಗದ್ದು ಒಂದಾದರೂ ಅವರ ಹತ್ತಿರ ಇರಲಿ" ಎನ್ನುತ್ತಿದ್ದರು.

ಅದಕ್ಕೆ ಎರಡು ನಿಯಮ. ಒಂದು, ಸಂಖ್ಯೆಯನ್ನು ವಿಭಾಗದವರು ಕೈಯಿಂದಲೇ ಭಾಗಿಸಿ ಪರೀಕ್ಷಿಸಬೇಕು, ಯಂತ್ರ ಮುಟ್ಟಬಾರದು. ಎರಡು, ನಿವೃತ್ತರಾಗುವವರಿಗೆ ಮೊದಲೇ ಹೇಳಬಾರದು. ಸಮಾರಂಭದ ದಿನ ಬೋರ್ಡಿನ ಮೇಲೆ ಸಂಖ್ಯೆ ಬರೆಯುವುದು, ಅವರು ಎಲ್ಲರೆದುರು ಸೀಮೆಸುಣ್ಣ ಹಿಡಿದು ಅದರ ವಿಶೇಷವೇನೆಂದು ತಾವೇ ಕಂಡುಹಿಡಿಯುವುದು, ಆಮೇಲೆ ಹಲಗೆ ಕೈಗೆ. ಅದು ಅವರ ಕೊನೆಯ ಕ್ಲಾಸು.

ಬಲ್ಲಾಳ್ ಸರ್ ನಿವೃತ್ತರಾಗುವ ವರ್ಷ ಸಂಖ್ಯೆ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಲೈಬ್ರರಿಯಲ್ಲಿ ಹುಡುಕಾಡಿ ನಾನು ಹಿಡಿದದ್ದು 73939133. ಏಳು ಕೋಟಿ ಮೂವತ್ತೊಂಬತ್ತು ಲಕ್ಷ ಮೂವತ್ತೊಂಬತ್ತು ಸಾವಿರದ ನೂರ ಮೂವತ್ತಮೂರು. ಅವಿಭಾಜ್ಯ. ಬಲಗಡೆಯ ಕೊನೆಯ ಅಂಕಿ ಕಿತ್ತುಹಾಕಿ, ಉಳಿದದ್ದೂ ಅವಿಭಾಜ್ಯ. ಇನ್ನೊಂದು ಕೀಳಿ, ಆಗಲೂ ಅವಿಭಾಜ್ಯ. ಹಾಗೆ ಕಿತ್ತು ಕಿತ್ತು 739, 73, ಕೊನೆಗೆ ಬರಿಯ 7 ಉಳಿದರೂ ಅದು ಅವಿಭಾಜ್ಯವೇ. ಈ ಜಾತಿಯಲ್ಲಿ ಇದಕ್ಕಿಂತ ದೊಡ್ಡದು ಇಲ್ಲವೇ ಇಲ್ಲ. ಕಂಡಾಗ ನನಗೆ ಮೈ ಜುಮ್ಮೆಂದಿತು.

ಪರೀಕ್ಷಿಸಲು ಅದರ ವರ್ಗಮೂಲದವರೆಗಿನ, ಎಂದರೆ ಎಂಟು ಸಾವಿರದ ಆರುನೂರರ ತನಕದ, ಪ್ರತಿಯೊಂದು ಅವಿಭಾಜ್ಯದಿಂದಲೂ ಭಾಗಿಸಬೇಕು. ಸಾವಿರಕ್ಕೂ ಮಿಕ್ಕಿದ ಭಾಗಾಕಾರ. ವಿಭಾಗದವರು ಹಂಚಿಕೊಂಡೆವು. ಬಲ್ಲಾಳ್ ಸರ್ ಬಂದ ಕೂಡಲೇ ಹಾಳೆಗಳ ಮೇಲೆ ಉತ್ತರಪತ್ರಿಕೆ ಎಳೆಯುತ್ತಿದ್ದೆವು. ಮಳೆಗಾಲ ಪೂರ್ತಿ ಅದೇ ಕೆಲಸ. ಸಂಖ್ಯೆ ಭಾಗವಾಗಲಿಲ್ಲ. ಹಲಗೆ ಕೆತ್ತಿಸಿಯೂ ಆಯಿತು. ಜೀವನದಲ್ಲಿ ಮೊದಲ ಬಾರಿಗೆ ನನಗೆ ಚಿಂತೆ ಮಾಡಲು ಏನೂ ಉಳಿದಿರಲಿಲ್ಲ.

ಆಗ ಜುಬೈದಾ ಮೇಡಂ ಒಂದು ಸಂಜೆ ಬಸ್ಸಿನಲ್ಲಿ ಧ್ವನಿ ಇಳಿಸಿ ಹೇಳಿದರು.

"ಶೆಟ್ರೆ, ನೀವು ಸರ್‌ನ್ನು ಸರಿಯಾಗಿ ನೋಡಿದ್ದೀರಾ ಇತ್ತೀಚೆಗೆ?"

"ಯಾಕೆ? ಎಂತ ಆಯ್ತು?"

"ನಿನ್ನೆ ಚಾ ಕುಡಿದು ಲೋಟ ಇಟ್ಟರು. ಎರಡು ನಿಮಿಷ ಬಿಟ್ಟು ನನ್ನ ಹತ್ತಿರ ಕೇಳ್ತಾರೆ, 'ನಾನು ಚಾ ಕುಡಿದಾಯ್ತಾ?' ಅಂತ. ಕ್ಲಾಸಿನಲ್ಲಿ ಮೊನ್ನೆ ಮಾಡಿದ ಲೆಕ್ಕವನ್ನೇ ನಿನ್ನೆಯೂ ಮಾಡಿದ್ದು, ಇವತ್ತೂ ಮಾಡಿದ್ದು. ಮಕ್ಕಳು ಪಾಪ, ಬಾಯಿ ಬಿಡ್ಲಿಲ್ಲ. ನಮ್ಮ ಉಮ್ಮನಿಗೂ ಹೀಗೆಯೇ ಶುರುವಾದದ್ದು. ಹಳೆಯದೆಲ್ಲ ಉಂಟು. ಹೊಸತು ಮಾತ್ರ ನಿಲ್ಲುವುದಿಲ್ಲ. ಬಾಲದ ಕಡೆಯಿಂದ ಹೋಗ್ತದೆ."

ಬಾಲದ ಕಡೆಯಿಂದ. ನಾನು ಎದುರಿನ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದುಕೊಂಡೆ. ಕೊನೆಯ ಅಂಕಿಯಿಂದ ಒಂದೊಂದಾಗಿ ಕಳೆದುಕೊಳ್ಳುತ್ತ ಹೋಗುವ ಸಂಖ್ಯೆಯನ್ನು, ಕೊನೆಯ ನೆನಪಿನಿಂದ ಒಂದೊಂದಾಗಿ ಕಳೆದುಕೊಳ್ಳುತ್ತಿರುವ ಮನುಷ್ಯನಿಗೆ, ಹಲಸಿನ ಹಲಗೆಯಲ್ಲಿ ಕೆತ್ತಿಸಿ, ಎಲ್ಲರೆದುರು ಕೊಡಲು ಹೊರಟಿದ್ದೇನೆ ನಾನು! ಅದಕ್ಕಿಂತ ಹೆಚ್ಚಿನದು ಇನ್ನೊಂದು. ಅದಕ್ಕೂ ಮೊದಲು ಅವರು ಬೋರ್ಡಿನ ಮುಂದೆ ನಿಂತು ಲೆಕ್ಕ ಮಾಡಬೇಕು. ನಡುವೆ ಮರೆತುಬಿಟ್ಟರೆ? ಇಡೀ ಕಾಲೇಜಿನ ಮುಂದೆ, ಅವರ ಕೊನೆಯ ಕ್ಲಾಸಿನಲ್ಲಿ?

ಮನೆಗೆ ಬಂದಾಗ ಶಶಿಕಲಾ ನನ್ನ ಮುಖ ನೋಡಿ, "ದಾನೆ ಆಂಡ್?" ಎಂದು ತುಳುವಿನಲ್ಲಿ ಏನಾಯಿತೆಂದು ಕೇಳಿದಳು. ಹೇಳಿದೆ. "ಬೇರೆ ಸಂಖ್ಯೆ ಕೊಡಿ. ಲೋಕದಲ್ಲಿ ಸಂಖ್ಯೆಗೆ ಬರಗಾಲವಾ?" ಎಂದಳು. ಸರಿ, ಹುಡುಕಿದೆ. 1003001 ಸಿಕ್ಕಿತು, ಹಿಂದುಮುಂದಾಗಿ ಓದಿದರೂ ಒಂದೇ. ಆದರೆ ನಡುವೆ ಸೊನ್ನೆಗಳು. ತಲೆ ಖಾಲಿ ಎಂದಂತಾಗಲಿಲ್ಲವೇ? ಹತ್ತೊಂಬತ್ತು ಸಲ ಒಂದನ್ನೇ ಬರೆದರೂ ಅವಿಭಾಜ್ಯ. ಅದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದಂತೆ. ಒಂದರಿಂದ ಹತ್ತರವರೆಗೆ ಸಾಲಾಗಿ ಬರೆದು ಮತ್ತೆ ಒಂದಕ್ಕೆ ಇಳಿದರೆ ಅದೂ ಅವಿಭಾಜ್ಯ. ಹೋಗಿ ಹೋಗಿ ಹೊರಟಲ್ಲಿಗೇ ಬರುವುದು, ಅದಂತೂ ಬೇಡವೇ ಬೇಡ. ಹುಡುಕುತ್ತ ಹೋದಂತೆ ಗೊತ್ತಾಯಿತು, ಚುಚ್ಚದ ಸಂಖ್ಯೆಯೇ ಇಲ್ಲ. ನೋಡುವವನ ಎದೆಯಲ್ಲಿ ಮುಳ್ಳಿದ್ದರೆ ಎಲ್ಲದರಲ್ಲೂ ಮುಳ್ಳು.

"ಮೇಡಂ, ಬೋರ್ಡಿನ ಕಾರ್ಯಕ್ರಮವೇ ಬೇಡ. ಈ ಸಲ ಶಾಲು ಹೊದಿಸಿ ಕಳಿಸುವ" ಎಂದೆ.

ಜುಬೈದಾ ಮೇಡಂ ಈ ಸಲ ನಗಲಿಲ್ಲ. "ಬಿಟ್ಟರೆ ಅವರಿಗೆ ಗೊತ್ತಾಗ್ತದೆ, ನಮಗೆ ಗೊತ್ತುಂಟು ಅಂತ. ಅದು ಸಾಕಲ್ವಾ ಒಬ್ಬ ಮನುಷ್ಯನನ್ನು ಕೊಲ್ಲಲಿಕ್ಕೆ?"

ಹಾಗಾಗಿ ನಡೆದದ್ದು ನಡೆಯಿತು. ಸಮಾರಂಭದ ಮಧ್ಯಾಹ್ನ ದೊಡ್ಡ ಕ್ಲಾಸ್ ರೂಮು ತುಂಬಿತ್ತು. ಹಿಂದೆ ಗೋಳಿಬಜೆಯ ವಾಸನೆ, ಮುಂದೆ ಬೆಂಚಿನ ತುಂಬ ಮಕ್ಕಳು. ನಾನು ಬೋರ್ಡಿನ ಮೇಲೆ ಸಂಖ್ಯೆ ಬರೆದೆ. ಅವಸರದಲ್ಲಿ ಒಂಬತ್ತು ನಾಲ್ಕರ ಹಾಗೆ ಬಂತು, ಅಳಿಸಿ ಮತ್ತೆ ಬರೆದೆ. ಜುಬೈದಾ ಮೇಡಂ ಕಣ್ಣಿನಲ್ಲೇ ಬೈದರು.

ಬಲ್ಲಾಳ್ ಸರ್ ಎದ್ದು ಬಂದರು. ಸೀಮೆಸುಣ್ಣವನ್ನು ಎರಡಾಗಿ ಮುರಿದು ಒಂದು ತುಂಡು ಕಿಸೆಗೆ ಹಾಕಿದರು. ಅದು ಅವರ ಕ್ರಮ. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳಾಗಿ ಕಡಿದರು: 133, 939, 73. "ಒಂದನ್ನು ಕೂಡಿಸಿ, ಒಂದನ್ನು ಕಳೆಯಿರಿ. ಏಳು, ಹನ್ನೊಂದು, ಹದಿಮೂರು, ಈ ಮೂರನ್ನೂ ನೋಡ್ಲಿಕ್ಕೆ ಒಂದೇ ಏಟು" ಎಂದರು. 133ರಿಂದ 939 ಕಳೆದು 73 ಕೂಡಿಸಿದರೆ ಋಣ 733. "ಏಳಕ್ಕೆ ಹೋಗುವುದಿಲ್ಲ. ಹನ್ನೊಂದಕ್ಕೆ ಇಲ್ಲ. ಹದಿಮೂರಕ್ಕೂ ಇಲ್ಲ." ಧ್ವನಿ ಸ್ಪಷ್ಟವಾಗಿತ್ತು. ನಾನು ಉಸಿರು ಬಿಟ್ಟೆ.

ಆಮೇಲೆ ಅವರು ಬೋರ್ಡಿನ ಬಲತುದಿಗೆ ಸರಿದು, ಸಂಖ್ಯೆಯ ಪಕ್ಕದಲ್ಲೇ ಬರೆಯತೊಡಗಿದರು: 133, 939, 73. "ಒಂದನ್ನು ಕೂಡಿಸಿ, ಒಂದನ್ನು ಕಳೆಯಿರಿ."

ಮಕ್ಕಳು ಪುನರಾವರ್ತನೆ ಎಂದುಕೊಂಡು ಸುಮ್ಮನಿದ್ದರು. ಋಣ 733 ಎಂದು ಬರೆದು ಮುಗಿಸಿದ ಸರ್ ಹಿಂದೆ ಸರಿದು ಬೋರ್ಡು ನೋಡಿದರು. ಎಡಗಡೆ ಒಂದು ಲೆಕ್ಕ, ಬಲಗಡೆ ಅದೇ ಲೆಕ್ಕ, ಎರಡೂ ಅವರದೇ ಕೈಬರಹ. ಅವರ ಕಣ್ಣು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹೋಯಿತು. ಮೊದಲನೆಯದನ್ನು ತಾವು ಬರೆದ ನೆನಪು ಅವರಿಗಿರಲಿಲ್ಲ. ಹಾಗೆಂದು ಅವರಿಗೆ ತಿಳಿಯಿತು. ತಿಳಿದದ್ದು ನನಗೂ ಕಂಡಿತು. ಆ ಕ್ಷಣದಲ್ಲಿ ನನ್ನ ಮನಸ್ಸು ಏನೇನು ಯೋಚಿಸಿತೆಂದರೆ, ಮೂರ್ಛೆ ಬಿದ್ದವನ ಹಾಗೆ ನಾನೇ ನೆಲಕ್ಕೆ ಬಿದ್ದುಬಿಡುವುದೆಂದೂ ಯೋಚಿಸಿತು. ಎಲ್ಲರೂ ನನ್ನ ಕಡೆ ನೋಡುತ್ತಾರಲ್ಲ.

ಸರ್ ಡಸ್ಟರ್ ಎತ್ತಿಕೊಂಡು ಬಲಗಡೆಯ ಲೆಕ್ಕವನ್ನು ಅವಸರವಾಗಿ ಒರೆಸಿದರು. ಒರೆಸುವಾಗ ಡಸ್ಟರಿನ ಅಂಚು ತಗಲಿ ಸಂಖ್ಯೆಯ ಕೊನೆಯ 3 ಅಳಿಸಿಹೋಯಿತು. ಉಳಿದದ್ದು 7393913. ಅವರು ಅದನ್ನು ಸರಿಪಡಿಸಲು ಸೀಮೆಸುಣ್ಣ ಎತ್ತಿದವರು ಹಾಗೇ ನಿಂತರು. ತಲೆ ಸ್ವಲ್ಪ ಓರೆಯಾಯಿತು. ಮತ್ತೆ ಬೆರಳಿನಿಂದಲೇ ಇನ್ನೊಂದು 3 ಒರೆಸಿದರು. ಆಮೇಲೆ 1. ಅವಸರ ಈಗಿರಲಿಲ್ಲ. ಒಂದೊಂದೇ ಒರೆಸುತ್ತ 739ಕ್ಕೆ ಬಂದು, "ಇದು?" ಎಂದು ಮಕ್ಕಳ ಕಡೆ ತಿರುಗಿದರು. ಮುಂದಿನ ಬೆಂಚಿನವರು ಭಾಗಿಸಿ ನೋಡಿ, "ಅವಿಭಾಜ್ಯ ಸರ್" ಎಂದರು. "ಇದು?" 73. "ಅವಿಭಾಜ್ಯ!" "ಇದು?" ಈ ಸಲ ಇಡೀ ಕೋಣೆ ಕೂಗಿತು.

ಸರ್ ನನ್ನನ್ನು ಹುಡುಕಿ ನೋಡಿದರು. "ಮಧ್ಯದವೂ ಹೀಗೆಯೇ ಉಂಟಾ ಶೆಟ್ರೆ?"

"ಉಂಟು ಸರ್. ಎಲ್ಲವೂ."

"ಕೊನೆಗೆ ಇನ್ನೊಂದು ಅಂಕಿ ಸೇರಿಸ್ಲಿಕ್ಕೆ ಆಗ್ತದಾ?"

"ಇಲ್ಲ ಸರ್. ಯಾವುದು ಸೇರಿಸಿದರೂ ಕೆಡ್ತದೆ."

"ಸರಿ. ಹೆಚ್ಚಾಗ್ಲಿಕ್ಕೆ ಇಲ್ಲ, ಕಡಿಮೆಯಾದರೆ ತೊಂದರೆ ಇಲ್ಲ" ಎಂದು, ಅಷ್ಟರಲ್ಲಿ ಮೇಜಿಗೆ ಬಂದಿದ್ದ ಹಲಸಿನ ಹಲಗೆಯ ಮೇಲಿದ್ದುದನ್ನು ನೋಡಿ ಪೂರ್ತಿ ಸಂಖ್ಯೆಯನ್ನು ಮತ್ತೆ ಬೋರ್ಡಿನಲ್ಲಿ ಬರೆದರು. ಈ ಸಲ ಅಂಗೈಯಿಂದ ಎಡಗಡೆಯ 7ನ್ನು ಮುಚ್ಚಿ ಉಳಿದ ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿಸಿ ಕಳೆದರು. ತುಟಿ ಮಾತ್ರ ಅಲ್ಲಾಡಿತು. "ಹನ್ನೊಂದು!" ಎಂದರು, ಕಳ್ಳನನ್ನು ಹಿಡಿದವರ ಹಾಗೆ. "ನೋಡಿ ಮಕ್ಕಳೇ. ಬಾಲ ಹೋದರೆ ಬದುಕ್ತದೆ. ತಲೆ ಮುಟ್ಟಿದರೆ ಹನ್ನೊಂದು ಬಂದು ತಿಂತದೆ. ಹಾಗಾಗಿ ತಲೆ ಮುಟ್ಟಬೇಡಿ."

ಇದು ನನಗೂ ಗೊತ್ತಿರಲಿಲ್ಲ. ಮಳೆಗಾಲ ಪೂರ್ತಿ ಆ ಸಂಖ್ಯೆಯೊಡನೆ ಕಳೆದರೂ ಎಡಗಡೆಯಿಂದ ನೋಡಬೇಕೆಂದು ನನಗೆ ಹೊಳೆದಿರಲಿಲ್ಲ. ಮಕ್ಕಳ ಚಪ್ಪಾಳೆ ನಿಲ್ಲಲು ಹೊತ್ತಾಯಿತು.

ಹೊರಗೆ ಮೆಟ್ಟಿಲಿನ ಮೇಲೆ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಸರ್ ನನ್ನನ್ನು ನಿಲ್ಲಿಸಿದರು.

"ಕೆತ್ತಿಸುವಾಗ ನಿಮಗೆ ಗೊತ್ತಿತ್ತಾ, ನನ್ನ ವಿಷಯ?"

"ಇಲ್ಲ ಸರ್. ಆಮೇಲೆ ಗೊತ್ತಾದದ್ದು. ಬದಲಿಸುವ ಅಂತ ಬಹಳ ನೋಡಿದೆ, ನಾನು..."

"ಒಳ್ಳೇದಾಯ್ತು ಮಾರಾಯ್ರೆ. ಮೊದಲೇ ಗೊತ್ತಿದ್ರೆ ನೀವು ಹೆದರಿ ಎಂತದೋ ಸೊನ್ನೆ ತುಂಬಿದ್ದು ಕೊಡ್ತಿದ್ರಿ." ಎರಡು ಮೆಟ್ಟಿಲು ಇಳಿದು ತಿರುಗಿದರು. "ನನಗೆ ಹೆದರಿಕೆ ಇಲ್ಲ ಅಂತ ಅಲ್ಲ. ಉಂಟು. ಯಾವುದು ತಲೆ, ಯಾವುದು ಬಾಲ ಅಂತ ಈ ಮರೆವಿಗೆ ಗೊತ್ತಿರಬೇಕಲ್ವಾ, ಅಷ್ಟೇ."

ಅದಾದ ಮೇಲೆ ವಿಭಾಗ ಬೇರೆಯದೇ ಆಯಿತು. ಕಪ್ಪು ಗುಳ್ಳೆ ತುಂಬಿಸುವ ಪರೀಕ್ಷೆಗಳು ಬಂದವು. ನಾಲ್ಕರಲ್ಲಿ ಒಂದನ್ನು ಆರಿಸುವುದು, ದಾರಿ ಯಾರಿಗೂ ಬೇಡ. ನನ್ನ ರಕ್ತದೊತ್ತಡ ಮಾತ್ರ ಹಳೆಯ ಪದ್ಧತಿಯಲ್ಲೇ ಒಂದೊಂದು ಹೆಜ್ಜೆ ಮೇಲೇರಿತು. ನಾನು ಬಿಡುವ ದಿನ ಬೋರ್ಡಿನ ಮೇಲೆ ಜುಬೈದಾ ಮೇಡಂ ಬರೆದ ಸಂಖ್ಯೆ 30030. ವಿಭಾಗದ ಚರಿತ್ರೆಯಲ್ಲೇ ಭಾಗವಾಗುವ ಸಂಖ್ಯೆ ಪಡೆದವನು ನಾನೊಬ್ಬನೇ. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಯಾರು ಬಂದು ಬಾಗಿಲು ತಟ್ಟಿದರೂ ತೆರೆಯುತ್ತದೆ.

"ಎಂತ ಮೇಡಂ ಇದು, ಪದ್ಧತಿ ಮುರಿದಿರಿ?"

"ಅದಕ್ಕೆ ಒಂದು ಸೇರಿಸದೆ ಸುಮ್ಮನೆ ಕೂರ್ಲಿಕ್ಕೆ ನಿಮಗೆ ಆಗ್ತದಾ ಅಂತ ನೋಡುವ ಅಂತ. ನಿವೃತ್ತಿ ಅಂದ್ರೆ ಅದೇ ಅಲ್ವಾ?"

ಕೂರಲು ಆಗಲಿಲ್ಲ. ಕಳೆದ ತಿಂಗಳು ನನ್ನ ಹಲಗೆಯನ್ನು ಚೀಲದಲ್ಲಿ ಹಾಕಿಕೊಂಡು ಮೂಡುಬಿದಿರೆಗೆ ಹೋಗಿ, ಅಲ್ಲಿಂದ ಶಿರ್ತಾಡಿ ದಾರಿಯಾಗಿ ನಾರಾವಿಯ ಬಸ್ಸು ಹಿಡಿದೆ. ಬಹಳ ದಿನಗಳಿಂದ ಹೋಗಿರಲಿಲ್ಲ. ಹೋಗದ್ದಕ್ಕೆ ಕಾರಣ, ಗುರುತು ಹಿಡಿಯದಿದ್ದರೆ ಎಂಬ ಹೆದರಿಕೆ. ದಾರಿಯುದ್ದಕ್ಕೂ ಅದನ್ನೇ ಅಭ್ಯಾಸ ಮಾಡಿದೆ: ಗುರುತು ಹಿಡಿಯದಿದ್ದರೆ ನಗಬೇಕು, ಬೇಜಾರು ತೋರಿಸಬಾರದು, ಬೇಗ ಎದ್ದು ಬರಬೇಕು.

ಅವರ ಹೆಂಡತಿ ಸುನಂದಮ್ಮ ಜಗಲಿಯಲ್ಲಿ ಕೂರಿಸಿ ಚಾ ಕೊಟ್ಟರು. "ನಿನ್ನೆ ಇವತ್ತಿನದು ಎಂತದೂ ಇಲ್ಲ ಶೆಟ್ರೆ. ಮೊನ್ನೆ ಅಳಿಯನನ್ನು ಯಾರು ಅಂತ ಕೇಳಿದರು" ಎಂದರು, ಹವಾಮಾನ ಹೇಳಿದ ಹಾಗೆ. ಸರ್ ಬಂದು ಎದುರು ಕೂತರು. ಇನ್ನೂ ತೆಳ್ಳಗಾಗಿದ್ದರು, ಅಂಗಿ ಅದೇ ಬಿಳಿ. ನನ್ನನ್ನು ಮರ್ಯಾದೆಯಿಂದ ನೋಡಿದರು, ವಿಮೆಯವರನ್ನು ನೋಡುವ ಹಾಗೆ.

"ತಾವು ಎಲ್ಲಿಂದ?"

"ಬಿ.ಸಿ. ರೋಡಿನಿಂದ ಸರ್. ನಾನು ನಿಮ್ಮ ವಿಭಾಗದಲ್ಲಿ..."

"ಹೌದಾ? ಸಂತೋಷ. ಇವರಿಗೆ ಚಾ ಕೊಟ್ಟಾಯ್ತಾ?"

ಸುನಂದಮ್ಮ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಎರಡನೆಯ ಲೋಟ ಬಂತು. ನಗುವುದು, ಬೇಗ ಏಳುವುದು, ಎಲ್ಲ ಅಭ್ಯಾಸ ಮಾಡಿದ್ದೆನಲ್ಲ. ಅಭ್ಯಾಸ ಮಾಡಿದ ಯಾವುದೂ ಆಗಲಿಲ್ಲ. ಏನು ಮಾಡುವುದೆಂದು ತಿಳಿಯದೆ ಚೀಲದಿಂದ ಹಲಗೆ ತೆಗೆದು ಅವರ ತೊಡೆಯ ಮೇಲಿಟ್ಟೆ.

ಸರ್ ಓದಿದರು. ಬೆರಳಿನಿಂದ ಒಂದೊಂದೇ ಅಂಕಿ ಸವರಿದರು. ಆಮೇಲೆ ಕೊನೆಯ ಸೊನ್ನೆಯ ಮೇಲೆ ಬೆರಳು ನಿಂತಿತು.

"ಒಂದು ಕಡಿಮೆ ಉಂಟಲ್ಲ" ಎಂದರು.

"ಸರ್?"

"ಒಂದು ಸೇರಿಸಬೇಕು. ಮೂವತ್ತು ಸಾವಿರದ ಮೂವತ್ತೊಂದು." ತಲೆ ಎತ್ತಿ ನನ್ನ ಮುಖವನ್ನು, ಆಮೇಲೆ ಮೊಣಕೈಯನ್ನು ನೋಡಿದರು. "ಮನೆಗೆ ಮುಟ್ಟುವವರೆಗೆ ತಡೀಲಿಕ್ಕೆ ಆಗದೆ ಬಸ್ಸಿನಲ್ಲೇ ಮಾಡಿದಿರಲ್ಲ, ಶೆಟ್ರೆ!"

"ಐವತ್ತೊಂಬತ್ತು, ಸರ್" ಎಂದೆ.

"ಐನೂರ ಒಂಬತ್ತು" ಎಂದರು ಅವರು ತಕ್ಷಣ, ಇನ್ನೊಂದು ತುದಿ ಹಿಡಿದು ಎತ್ತಿದವರ ಹಾಗೆ. ಆಮೇಲೆ ಒಳಗಡೆ ತಿರುಗಿ ಕರೆದರು.

"ಸುನಂದಾ, ನಮ್ಮ ಶೆಟ್ರು ಬಂದಿದ್ದಾರೆ. ಇವರಿಗೆ ಚಾ ಕೊಟ್ಟಾಯ್ತಾ?"

"ಇಲ್ಲ ಸರ್" ಎಂದೆ, "ಇನ್ನೂ ಕೊಟ್ಟಿಲ್ಲ."